ಕೇಳದೆ ತೆಗೆದ ಪಟ

ನಮ್ಮ ಕೋಲ್ಕತ್ತದ ಮೆಟ್ರೊ ರೈಲು ನೆಲದಡಿ ಓಡತೊಡಗಿದ್ದು 1984ರ ಅಕ್ಟೋಬರ್ 24ರಂದು. ದೇಶಕ್ಕೆ ಅದೇ ಮೊದಲನೆಯದು. ಕಾಳಿಘಾಟಿನಿಂದ ಎಸ್‌ಪ್ಲನೇಡಿನ ಕಚೇರಿಗೆ ನಿತ್ಯವೂ ಅದೇ ನಮ್ಮ ವಾಹನ. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಬ್ರೂಸ್ ಡೇವಿಡ್‌ಸನ್ ಎಂಬವರು 1980ರಲ್ಲಿ ಸಾಮಾನ್ಯ ಪ್ರಯಾಣಿಕರ ಬಣ್ಣದ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವನ್ನು ಕಂಡಂದಿನಿಂದ ನಮಗೂ ಆ ಚಪಲ ಹತ್ತಿತು.

ಮೊನ್ನೆ ಸಂಜೆ ಎದುರಿಗೆ ಒಬ್ಬರು ಕುಳಿತಲ್ಲೇ ನಿದ್ರೆಹೋಗಿದ್ದರು. ನೀಲಿ ಅಂಗಿಯ ಮೇಲೆ ಸುಣ್ಣದ ಚುಕ್ಕೆಗಳು, ತೊಡೆಯ ಮೇಲೆ ಕೆಂಪು ಬುತ್ತಿಚೀಲ. ಮೊಬೈಲಿನಲ್ಲಿ ಪಟ ತೆಗೆದೇಬಿಟ್ಟೆವು. ಅಷ್ಟರಲ್ಲಿ ಅವರು ಕಣ್ಣು ಬಿಡಬೇಕೆ! ನಾಚಿಕೊಂಡು ತೋರಿಸಿದೆವು. ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ ದಾದಾ, ಆದರೆ ಅಳಿಸಿಬಿಡಿ. ಊರಿನಲ್ಲಿರುವ ಮಗಳಿಗೆ, ಆಫೀಸಿನಲ್ಲಿ ಕೆಲಸವೆಂದು ಹೇಳಿದ್ದೇನೆ” ಎಂದರು ಬಂಗಾಳಿಯಲ್ಲಿ.

ಅವರೆದುರೇ ಅಳಿಸಿದೆವು. ಡೇವಿಡ್‌ಸನ್ನರು ತಾವು ತೆಗೆದ ಪಟಗಳ ಆಲ್ಬಮ್ಮನ್ನು ಜೊತೆಗೊಯ್ದು, ಎಷ್ಟೋ ಮಂದಿಗೆ ತೋರಿಸಿ, ಒಪ್ಪಿಗೆ ಕೇಳುತ್ತಿದ್ದರಂತೆ. ನಾವು ಬಣ್ಣವನ್ನು ಕಲಿತೆವು, ಕೇಳುವುದನ್ನು ಮರೆತೆವು.

ರಾತ್ರಿ ಊರಿನಿಂದ ಅಮ್ಮನ ಫೋನು.

“ಸ್ವರ ಸೋತಂತಿದೆ, ದಣಿದಿದ್ದೀಯೇನೋ?”

“ಇಲ್ಲಮ್ಮ, ಚೆನ್ನಾಗಿದ್ದೇವೆ” ಎಂದೆವು.

ಆ ಗಳಿಗೆಯಲ್ಲಿ ನಮ್ಮ ಮುಖದ ಪಟವನ್ನು ಯಾರೂ ತೆಗೆಯಲಿಲ್ಲವಲ್ಲ, ಅದೇ ಪುಣ್ಯ!