ಆರೈಕೆಯೂ ಒಂದು ವಿದ್ಯೆ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬೆಳೆದ ನನಗೆ, ವಿದ್ಯೆಯೆಂಬುದು ಗ್ರಂಥಗಳಲ್ಲಿರುವುದೆಂಬ ಭಾವನೆ ಬಹುಕಾಲ ಇದ್ದಿತು. ರೋಗಿಯ ಸೇವೆಗೆ ಮರುಕವೊಂದಿದ್ದರೆ ಸಾಕು, ಅದಕ್ಕೆ ಬೇರೆ ಓದೇಕೆ ಎಂದುಕೊಂಡಿದ್ದೆ.

ಕಳೆದ ವರ್ಷ ದ್ವಿತೀಯ ಪಿ.ಯು.ಸಿ. ಮುಗಿಸಿದ ಮೊಮ್ಮಗಳು, “ಅಜ್ಜಾ, ನಾ ನರ್ಸಿಂಗ್ ಓದತೀನಿ” ಎಂದಳು. “ಪಾಠ ಹೇಳುವ ಮನೆತನದ ಮಗು ಪರರ ಮಲಮೂತ್ರ ಬಳಿಯಬೇಕೆ?” ಎಂದು ಮೊದಲು ನುಡಿದವನು ನಾನೇ. ಆಕೆ ಸಿಟ್ಟಾಗಲಿಲ್ಲ. “ಮುತ್ತಜ್ಜಿಗೆ ಬೆನ್ನಾಗ ಹುಣ್ಣು ಯಾಕ ಆತು, ಅಜ್ಜಾ?” ಎಂದಷ್ಟೇ ಕೇಳಿದಳು. ನಾನು ನಿರುತ್ತರನಾದೆ.

ನನ್ನ ತಾಯಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಮನೆಮಂದಿಯೆಲ್ಲ ಭಕ್ತಿಯಿಂದ ಸೇವೆ ಮಾಡಿದೆವು. ನೋವಾದೀತೆಂದು ಆಕೆಯನ್ನು ಅಲುಗಿಸದೆ ಅಂಗಾತವಾಗಿಯೇ ಮಲಗಿಸಿದೆವು. ಮಲಗಿದಲ್ಲಿಯೇ ಗಂಜಿ ಕುಡಿಸಿದೆವು. ಮೂರನೆಯ ವಾರಕ್ಕೆ ಬೆನ್ನಿನ ಕೆಳಗೆ ಹುಣ್ಣಾಯಿತು. ನೋಡಲು ಬಂದ ದಾದಿಯೊಬ್ಬರು ತಿಳಿಸಿದರು: ದೇಹದ ಭಾರ ಒಂದೇ ಕಡೆ ಬಿದ್ದರೆ ಅಲ್ಲಿ ರಕ್ತಸಂಚಾರ ನಿಂತು ಚರ್ಮ ಸಾಯುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನುಂಗುವ ಶಕ್ತಿ ಕುಂದಿದವರಿಗೆ ಮಲಗಿಸಿ ಉಣಿಸಿದರೆ ಆಹಾರ ಶ್ವಾಸಕೋಶಕ್ಕಿಳಿಯಬಹುದು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ಹುಣ್ಣು ಮಾಯಲಿಲ್ಲ, ಅದರ ನಂಜಿನಿಂದಲೇ ತಾಯಿ ತೀರಿಕೊಂಡಳು. ಪ್ರೀತಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ, ಅರಿವಿಗೆ ಇತ್ತು.

ಫ್ಲಾರೆನ್ಸ್ ನೈಟಿಂಗೇಲ್ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದದ್ದು ಈ ಕೊರತೆಯನ್ನು ನೀಗಲೆಂದೇ. ನಮ್ಮ ದೇಶದಲ್ಲಿ ಈ ಶಿಕ್ಷಣದ ಮಟ್ಟವನ್ನು ನಿಗದಿಪಡಿಸಲೆಂದು 1947ರ ಕಾಯಿದೆಯಂತೆ ಭಾರತೀಯ ಶುಶ್ರೂಷಾ ಪರಿಷತ್ತು ರಚನೆಯಾಯಿತು. ಪಿ.ಯು.ಸಿ.ಯ ನಂತರ ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷಗಳದು, ಜಿ.ಎನ್.ಎಂ. ಮೂರು ವರ್ಷಗಳದು. ರೋಗಿಯ ಕುಟುಂಬದ ಹಣದ ಚಿಂತೆ, ಮನದ ಕಳವಳಗಳನ್ನು ಅರಿತು ದಾರಿ ತೋರುವ ಕೆಲಸಕ್ಕೆ ಪದವಿಯ ನಂತರ ಎರಡು ವರ್ಷಗಳ ಸಮಾಜಕಾರ್ಯದ ಸ್ನಾತಕೋತ್ತರ ಅಧ್ಯಯನವಿದೆ. ಸೇರುವ ಮುನ್ನ ಕಾಲೇಜಿಗೆ ಮಾನ್ಯತೆಯಿದೆಯೇ, ಅಭ್ಯಾಸಕ್ಕೆ ರೋಗಿಗಳಿರುವ ಆಸ್ಪತ್ರೆಯಿದೆಯೇ ಎಂಬುದನ್ನು ತಂದೆತಾಯಿಗಳು ವಿಚಾರಿಸಲೇಬೇಕು. ರಾತ್ರಿಪಾಳಿಯ ದಣಿವು, ಸಾವನ್ನು ಹತ್ತಿರದಿಂದ ಕಾಣುವ ಸಂಕಟ ಇಲ್ಲಿ ತಪ್ಪಿದ್ದಲ್ಲ. ಅದನ್ನೂ ಮಕ್ಕಳಿಗೆ ಮೊದಲೇ ಹೇಳಬೇಕು.

ಕೊನೆಗೆ ಮೊಮ್ಮಗಳನ್ನು ಕಾಲೇಜಿಗೆ ಸೇರಿಸಲು ನಾನೇ ಹೋದೆ. ದೀಪಾವಳಿಯ ರಜೆಗೆ ಬಂದಾಗ ಆಕೆ ನನ್ನನ್ನೇ ರೋಗಿಯನ್ನಾಗಿ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಸೊಂಟಕ್ಕೂ ಭುಜಕ್ಕೂ ಕೈಕೊಟ್ಟು ಮಗ್ಗುಲು ಹೊರಳಿಸುವ ಬಗೆಯನ್ನು ಸೊಸೆಯಂದಿರಿಗೆ ತೋರಿಸಿದಳು. ನನ್ನ ಭಾರ ಆ ಸಣ್ಣ ಕೈಗಳಲ್ಲಿ ಹಗುರಾಗಿ ಹೊರಳಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನನಗೆ ತಾಯಿಯ ನೆನಪಾಯಿತು. ಕಣ್ಣೊರೆಸಿಕೊಂಡದ್ದನ್ನು ಯಾರೂ ಕಾಣಲಿಲ್ಲ.

ಬಂಧುಗಳೇ, ನಿಮ್ಮ ಮನೆಯ ಮಗು ಈ ವಿದ್ಯೆಯನ್ನು ಬಯಸಿದರೆ, ನಾನಾಡಿದ ಮೊದಲ ಮಾತನ್ನು ನೀವು ಆಡಬೇಡಿರಿ.