ಸೈಲೆನ್ಸರ್ ಬರುವವರೆಗೆ ನಂದಿಯಲ್ಲಿ

ನಂದಿ ಬೆಟ್ಟಕ್ಕೆ ಹೋಗಿ ಬಂದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬುಡದಲ್ಲಿರುವ ನಂದಿ ಗ್ರಾಮದವರೆಗೆ ಹೋಗಿ, ಅಲ್ಲೇ ನಾಲ್ಕು ಗಂಟೆ ಕೂತು ವಾಪಸ್ ಬಂದವರು ನಾವು. 1,478 ಮೀಟರ್ ಎತ್ತರದ ಬೆಟ್ಟ ಅಷ್ಟು ಹೊತ್ತೂ ಕಣ್ಣೆದುರಿಗೇ ಇತ್ತು, ನೆತ್ತಿಯ ಮೇಲೆ ಮಂಜೂ ಇತ್ತು. ಹತ್ತೋಕೆ ಬೈಕ್ ಇರಲಿಲ್ಲ.

ತಂಗಿ ಮಗ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಬುಲೆಟ್ ತಗೊಂಡಿದ್ದ. ‘ಮಾಮ, ಒಂದು ಭಾನುವಾರ ನಂದಿಗೆ ಹೋಗೋಣ. ನೀವು ಹಿಂದೆ ಸುಮ್ನೆ ಕೂತ್ಕೊಳ್ಳಿ ಸಾಕು’ ಅಂತ ಆರು ತಿಂಗಳಿಂದ ಕರೀತಿದ್ದ. ನಿವೃತ್ತನಾದವನಿಗೆ ಭಾನುವಾರವೇನು, ಸೋಮವಾರವೇನು? ಒಪ್ಪಿಕೊಂಡೆ.

ಬೆಳಗಿನ ನಾಲ್ಕೂವರೆಗೆ ಅವನು ಗಾಡಿ ಸ್ಟಾರ್ಟ್ ಮಾಡಿದ್ದೇ ತಡ, ಬೀದಿನಾಯಿಗಳು ಎದ್ದು ಓಡಿದವು. ಎದುರು ಮನೆಯ ಮಹಡಿಯಲ್ಲಿ ದೀಪ ಹತ್ತಿತು. ‘ಮೆಲ್ಲಗೆ ಹೋಗ್ರೋ’ ಅಂದಳು ತಂಗಿ ಬಾಗಿಲಲ್ಲಿ ನಿಂತು. ಅರ್ಧ ನಿಮಿಷ ನಾಚಿಕೆಯಾಗಿದ್ದು ನಿಜ. ಆದರೆ ಹೆಬ್ಬಾಳ ದಾಟಿ ರಸ್ತೆ ಖಾಲಿಯಾದ ಮೇಲೆ, ಆ ಗುಡುಗಿನ ಮೇಲೆ ಕೂತು ಹೋಗೋದು ಬಹಳ ಖುಷಿಯಾಗಿತ್ತು. ಅದನ್ನು ಮುಚ್ಚಿಡೋದಿಲ್ಲ.

ದೇವನಹಳ್ಳಿ ಹತ್ತಿರ ಟೀಗೆ ನಿಲ್ಲಿಸಿದಾಗ ಅವನ ಫೋನು ಟಿಣ್ ಅಂತು. ನೋಡಿ, ‘ಮಾಮ, ಮುಂದೆ ಮಾಮ ಇದ್ದಾರಂತೆ’ ಅಂದ. ಬೆಂಗಳೂರಿನ ಹುಡುಗರ ಬಾಯಲ್ಲಿ ಪೊಲೀಸರಿಗೂ ಮಾಮ ಅಂತಲೇ ಹೆಸರು. ಬೈಕ್ ಓಡಿಸೋ ಗೆಳೆಯರು ತಪಾಸಣೆ ಎಲ್ಲಿದೆ ಅಂತ ಒಬ್ಬರಿಗೊಬ್ಬರು ಮೆಸೇಜ್ ಹಾಕ್ಕೋತಾರೆ. ಇವನು ಜೇಬಿಂದ ಗೇಣುದ್ದವೂ ಇಲ್ಲದ ಒಂದು ಕೊಳವೆ ತೆಗೆದು ಸೈಲೆನ್ಸರಿನ ಬಾಯಿಗೆ ತುರುಕಿ ಸ್ಕ್ರೂ ಬಿಗಿದ. ಅದರ ಹೆಸರು ಡಿಬಿ ಕಿಲ್ಲರ್. ಹಾಕಿದರೆ ಸದ್ದು ತಗ್ಗುತ್ತೆ, ತೆಗೆದರೆ ಗುಡುಗು. ‘ಅವರನ್ನ ದಾಟಿದ ಮೇಲೆ ತೆಗೆದುಬಿಡ್ತೀನಿ’ ಅಂದ. ಶಾಲೆಯ ಗೇಟಿನ ಹತ್ತಿರ ಬಂದಾಗ ಮಾತ್ರ ಅಂಗಿಯ ಗುಂಡಿ ಹಾಕಿಕೊಳ್ಳೋ ಹುಡುಗನ ಹಾಗೆ ಕಂಡ.

ಮೊದಲು ಭೋಗನಂದೀಶ್ವರನ ದರ್ಶನ, ಆಮೇಲೆ ಬೆಟ್ಟ ಅಂತ ನಮ್ಮ ಲೆಕ್ಕ. ಅದಕ್ಕೇ ಹೆದ್ದಾರಿ ಬಿಟ್ಟು ನಂದಿ ಗ್ರಾಮದ ಕಡೆ ತಿರುಗಿದೆವು. ಊರಿಗೆ ಸ್ವಲ್ಪ ಮೊದಲು ಬ್ಯಾರಿಕೇಡ್. ಹತ್ತು ಹನ್ನೆರಡು ಬೈಕು ಸಾಲಾಗಿ ನಿಂತಿದ್ದವು. ಒಂದಕ್ಕೆ ಕನ್ನಡಿಯೇ ಇಲ್ಲ. ಇನ್ನೊಂದರ ನಂಬರ್ ಪ್ಲೇಟು ಸೀಟಿನ ಕೆಳಗೆ ಮಡಚಿ ಕೂತಿತ್ತು. ನಮ್ಮ ಹತ್ತಿರ ಬಂದ ಎ.ಎಸ್.ಐ. ನನ್ನ ವಯಸ್ಸಿನವರೇ. ಲೈಸೆನ್ಸ್, ಆರ್.ಸಿ., ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಎಲ್ಲಾ ಮೊಬೈಲಿನಲ್ಲೇ ನೋಡಿ ತಲೆಯಾಡಿಸಿದರು. ಬಚಾವಾದೆವು ಅಂದುಕೊಂಡೆ. ಆಮೇಲೆ ಅವರು ಬಗ್ಗಿದರು.

‘ಕಂಪನಿ ಗುರುತು ಎಲ್ಲಪ್ಪಾ ಇದರ ಮೇಲೆ?’

‘ಸರ್, ಸೌಂಡ್ ಜಾಸ್ತಿ ಇಲ್ಲ. ಮೀಟರ್ ಇದ್ರೆ ಚೆಕ್ ಮಾಡಿ ಸರ್.’

‘ಮೀಟರ್ ಯಾಕೆ? ಗಾಡಿ ಜೊತೆ ಬಂದಿದ್ದನ್ನ ತೆಗೆದಿದ್ದೀಯ, ಅಷ್ಟು ಸಾಕು. ಅದಿರಲಿ, ಸೀರೆ ಗಾರ್ಡ್ ಎಲ್ಲಿ?’

‘ನಮ್ಮನೇಲಿ ಯಾರೂ ಸೀರೆ ಉಟ್ಟು ಬೈಕಲ್ಲಿ ಕೂರಲ್ಲ ಸರ್.’

ಅಲ್ಲಿದ್ದ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ಈ ಸೀರೆ ಗಾರ್ಡ್ ಹಳೇ ಕಾಲದ ಅಲಂಕಾರ ಅಂತ ನಾನೂ ತಿಳಿದಿದ್ದೆ. ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಕನಿಷ್ಠ ಅರ್ಧ ಚಕ್ರ ಮುಚ್ಚಬೇಕು, ಹಿಡಿದುಕೊಳ್ಳೋಕೆ ಹಿಡಿ ಇರಬೇಕು, ಕಾಲಿಡೋಕೆ ಜಾಗ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇದೆಯಂತೆ. ಸೀರೆಯ ಸೆರಗಿಗೆ ಮಾತ್ರ ಅಲ್ಲ, ಚೂಡಿದಾರದ ವೇಲಿಗೂ ಅದೇ ರಕ್ಷಣೆ. ಹುಡುಗರು ಹೊಸ ಬೈಕಿನಲ್ಲಿ ಮೊದಲು ಬಿಚ್ಚಿಸೋದೇ ಅದನ್ನು.

ಗಾಡಿ ತಯಾರಿಸಿದವರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಾರದು ಅನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿ ಬಂದಮೇಲೆ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಸೈಲೆನ್ಸರ್ ಅಂದರೆ ಬರೀ ಕೊಳವೆ ಅಲ್ಲ. ಅದರೊಳಗಿನ ಕೋಣೆಗಳು, ತೂತಿನ ಪೈಪುಗಳು ಸದ್ದನ್ನು ಅಲ್ಲಲ್ಲೇ ತಡೆದು ಕುಗ್ಗಿಸುತ್ತವೆ. ಈಗಿನ ಬೈಕುಗಳಲ್ಲಿ ವಿಷದ ಹೊಗೆಯನ್ನು ತಗ್ಗಿಸೋ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಆ ಹಾದಿಯಲ್ಲೇ ಇರುತ್ತೆ. ಸೈಲೆನ್ಸರ್ ಜೊತೆ ಎಷ್ಟೋ ಸಲ ಅದೂ ಮೂಲೆ ಸೇರುತ್ತೆ.

‘ಹಳೇ ಸೈಲೆನ್ಸರ್ ತಂದು ಹಾಕ್ಕೊಂಡು ಗಾಡಿ ತಗೊಂಡ್ಹೋಗು’ ಅಂದರು ಎ.ಎಸ್.ಐ. ಅದಿದ್ದದ್ದು ಬೆಂಗಳೂರಿನಲ್ಲಿ, ಇವನ ಮಂಚದ ಕೆಳಗೆ. ಅಪ್ಪನಿಗೆ ಫೋನ್ ಮಾಡುವಾಗ ಹುಡುಗನ ದನಿ ಎಂಟನೇ ಕ್ಲಾಸಿಗೆ ಇಳಿದಿತ್ತು.

ಅವರು ಬರೋವರೆಗೆ ಊರೊಳಗಿನ ಹೋಟೆಲ್ ಮುಂದಿನ ಬೆಂಚಿನ ಮೇಲೆ ಕೂತೆವು. ಪಕ್ಕದ ರಸ್ತೆಯಲ್ಲಿ ತಪಾಸಣೆ ತಪ್ಪಿಸಿ ಬಂದ ಬೈಕುಗಳು ಒಂದರ ಹಿಂದೊಂದು ಪಟಪಟ ಸಿಡಿಯುತ್ತಾ ಹೋಗ್ತಿದ್ದವು. ಹೋಟೆಲಿಗೆ ಹಾಲು ತಂದ ಅಜ್ಜಿ ಚೊಂಬು ಇಳಿಸಿ, ‘ಇವತ್ತು ಇಷ್ಟೇನಪ್ಪ. ಭಾನುವಾರ ನೋಡು’ ಅಂದರು. ನನಗೆ ಅರ್ಥವಾಗಲಿಲ್ಲ. ಕೇಳಿದೆ.

‘ಹಾಲು ಕರೆಯೋ ಹೊತ್ತಿಗೇ ಇವರ ಮೆರವಣಿಗೆ ಶುರು ಸ್ವಾಮಿ. ಒಂದು ಸಲ ಢಮ್ ಅಂದ್ರೆ ಹಸ ಬೆಚ್ಚಿ ಕಾಲು ಜಾಡಿಸ್ತದೆ, ಹಾಲು ಮೇಲಕ್ಕೆ ಎಳ್ಕೊಂಬಿಡ್ತದೆ. ಆಮೇಲೆ ಏನು ನೀವಿದ್ರೂ ಇಳಿಯಲ್ಲ. ಡೇರಿಯವರು ನಮಗೋಸ್ಕರ ಕಾಯ್ತಾರಾ? ಹೋದ ತಿಂಗಳು ನನ್ನ ಸೊಸೆ ಮೊಣಕಾಲಿಗೆ ಒದ್ದುಬಿಡ್ತು.’ ಅಷ್ಟು ಹೇಳಿ ನಮ್ಮನ್ನು ನೋಡಿದರು. ‘ನೀವೂ ಬೈಕಲ್ಲೇ ಬಂದ್ರಾ?’

ತಂಗಿ ಮಗ ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ಸದ್ದಿಲ್ಲದೆ ಬೆಂಚಿನ ಕೆಳಗಿಟ್ಟ. ಹೌದು ಅಂದದ್ದು ನಾನು.

ಆಮೇಲೆ ದೇವಸ್ಥಾನಕ್ಕೆ ಹೋದೆವು. ಒಂಬತ್ತನೇ ಶತಮಾನದ ಗುಡಿ. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಕಲ್ಯಾಣ ಮಂಟಪದ ಕಪ್ಪುಕಲ್ಲಿನ ಕಂಬಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಪುಷ್ಕರಣಿಯ ಸುತ್ತ ಮೆಟ್ಟಿಲುಗಳಿವೆ, ಅಲ್ಲಿ ಹೋಗಿ ಕೂತೆವು. ಭೋಗನಂದೀಶ್ವರ ಕೆಳಗೆ, ಯೋಗನಂದೀಶ್ವರ ಬೆಟ್ಟದ ಮೇಲೆ. ನಮಗೆ ಅವತ್ತು ಯೋಗ ಇರಲಿಲ್ಲ ಅಂತ ತಮಾಷೆ ಮಾಡಿದೆ. ಹುಡುಗ ನಗಲಿಲ್ಲ. ‘ಅಂಗಡಿಯವನು ಬಿಲ್ ಕೊಟ್ಟೇ ಮಾರಿದ್ದ ಮಾಮ. ಅವನನ್ನ ಯಾರೂ ಕೇಳಲ್ವಾ?’ ಅಂದ. ನ್ಯಾಯವಾದ ಪ್ರಶ್ನೆಯೇ. ಹಾಡಹಗಲೇ ಬೋರ್ಡು ಹಾಕಿ ಮಾರೋದನ್ನು ಬಿಟ್ಟು, ಕೊಂಡವನನ್ನು ಮಾತ್ರ ದಾರಿಯಲ್ಲಿ ಹಿಡಿದರೆ ಎಷ್ಟು ಭಾನುವಾರ ಹಿಡಿದಾರು? ಆದರೆ ಡಿಬಿ ಕಿಲ್ಲರ್ ಜೇಬಲ್ಲಿಟ್ಟುಕೊಂಡು ತಿರುಗಿದವನು ಅಂಗಡಿಯವನಲ್ಲವಲ್ಲ. ಅದನ್ನು ಆಗ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹತ್ತೂವರೆಗೆ ಅವನ ಅಪ್ಪ ಕಾರಿನಲ್ಲಿ ಬಂದರು, ಹಳೇ ಬೆಡ್‌ಶೀಟಿನಲ್ಲಿ ಸೈಲೆನ್ಸರ್ ಸುತ್ತಿಕೊಂಡು. ಮಗನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಮೆಕ್ಯಾನಿಕ್ ಸೈಲೆನ್ಸರ್ ಬದಲಾಯಿಸಿದ, ಹುಡುಗ ದಂಡ ಕಟ್ಟಿದ. ಬಿಚ್ಚಿದ್ದು ಪೊಲೀಸರ ರಾಶಿಗೆ ಹೋಯಿತು. ಶಿವಮೊಗ್ಗ, ಉಡುಪಿ ಕಡೆ ಇಂಥವನ್ನು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ಟೀವಿಯಲ್ಲಿ ನೋಡಿದ್ದೆ.

ವಾಪಸ್ ಬರುವಾಗ ಗಾಡಿ ಮೇಲೆ ಮಾತಾಡೋಕೆ ಆಗುತ್ತಿತ್ತು. ಅದಕ್ಕೇ ಹೇಳಿಬಿಟ್ಟೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇನ್ನೂ ನಡೀತಿದ್ದ ಕಾಲ. ಅದು ಮುಚ್ಚಿದ್ದು 1996ರಲ್ಲಿ. ನನ್ನ ಹತ್ತಿರ ಅಲ್ಲಿಯದೇ ಯೆಜ್ಡಿ ಇತ್ತು. ಎರಡೂ ಸೈಲೆನ್ಸರಿನ ಒಳಗಿನ ಪೈಪು ತೆಗೆಸಿ, ರಾತ್ರಿ ಹತ್ತರ ಮೇಲೆ ಬೀದಿಯ ತುಂಬ ಸದ್ದು ಮಾಡಿಕೊಂಡು ಮನೆಗೆ ಬರ್ತಿದ್ದೆ. ಆಗ ನನ್ನನ್ನು ಯಾವ ಮಾಮನೂ ಹಿಡಿದಿರಲಿಲ್ಲ.

ಹುಡುಗ ಸ್ವಲ್ಪ ದೂರ ಸುಮ್ಮನಿದ್ದ. ಆಮೇಲೆ, ‘ನಿಮ್ಮ ಬೀದೀಲಿ ಯಾರೂ ಹಸು ಸಾಕಿರಲಿಲ್ವಾ ಮಾಮ?’ ಅಂದ.

ಸಾಕಿದ್ದರು. ಎದುರು ಮನೆಯಲ್ಲೇ ಎರಡಿದ್ದವು.