ಒಂಟಿ ಲೋಚಿನ ಕಾಟ

ಫಿಶ್ ಟ್ಯಾಂಕ್ ಇಟ್ಟೋರಿಗೆಲ್ಲ ಲೋಚ್ ಅಂದ್ರೆ ಸ್ವಲ್ಪ ಅನುಮಾನ. ಪೂರ್ತಿ ಜಗಳಗಂಟ ಅಲ್ಲ, ಪೂರ್ತಿ ಸಾಧುನೂ ಅಲ್ಲ. ಗಪ್ಪಿ, ಮಾಲಿ, ಬಾರ್ಬ್ ಅಂತ ನಾಲ್ಕು ಜಾತಿ ಮೀನು ಒಟ್ಟಿಗಿರೋ ಟ್ಯಾಂಕಿಗೆ ಇದನ್ನ ಬಿಟ್ರೆ ಏನಾಗುತ್ತೆ ಅನ್ನೋದೇ ಪ್ರಶ್ನೆ.

ಹೋದ ವರ್ಷ ಎದುರುಮನೆಯವರಿಗೆ ವರ್ಗ ಆಯ್ತು. ಹೊರಡೋ ಮುಂಚೆ ಒಂದು ಜೀಬ್ರಾ ಲೋಚನ್ನ ನಮ್ಮ ಬಸವನಗುಡಿ ಮನೆಗೆ ತಂದುಕೊಟ್ರು. ಬೆರಳುದ್ದದ ಮೀನು. ಹಳದಿ ಮೈಮೇಲೆ ಕಪ್ಪು ಪಟ್ಟೆ, ಬಾಯಿ ಹತ್ರ ಪುಟ್ಟ ಮೀಸೆ. ಹಗಲೆಲ್ಲ ಕಲ್ಲಿನ ಸಂದೀಲಿ. ದೀಪ ಆರಿಸಿದ ಮೇಲೆ ಇದರ ದರ್ಬಾರು. ವಾರದೊಳಗೆ ಗಪ್ಪಿಗಳ ಬಾಲ ಹರಿದ ಸೆರಗಿನ ಹಾಗಾಗಿತ್ತು. ಒಂದು ಉಪಕಾರನೂ ಮಾಡ್ತು ಅನ್ನಿ. ಗಾಜಿಗೆ ಅಂಟಿಕೊಂಡು ಬೆಳೀತಿದ್ದ ಬಸವನಹುಳಗಳನ್ನೆಲ್ಲ ತಿಂದು ಮುಗಿಸ್ತು. ಬಸವನಗುಡೀಲೇ ಬಸವನಹುಳಕ್ಕೆ ಉಳಿಗಾಲ ಇಲ್ಲದಂಗಾಯ್ತು!

ಲೋಚ್ ಗುಂಪಿನಲ್ಲಿ ಬಾಳೋ ಮೀನು. ಐದಾರು ಇದ್ರೆ ತಮ್ಮತಮ್ಮಲ್ಲೇ ತಳ್ಳಾಡಿ, ಯಾರು ದೊಡ್ಡೋರು ಯಾರು ಚಿಕ್ಕೋರು ಅಂತ ತೀರ್ಮಾನ ಮಾಡ್ಕೊಳ್ತಾವೆ. ಒಂಟಿಯಾಗಿದ್ರೆ ಆ ಹುರುಪೆಲ್ಲ ಪಕ್ಕದೋರ ಮೇಲೆ. ಹಾಗಾಗಿ ಕಾಟ ಕಮ್ಮಿ ಆಗಬೇಕಾದ್ರೆ ಇನ್ನೂ ನಾಲ್ಕೈದು ಲೋಚ್ ತರಬೇಕು. ಕೇಳೋಕೆ ತಮಾಷೆ, ಆದ್ರೆ ನಿಜ. ಅಂಗಡಿಯವರು "ನಾಳೆನೇ ತರಿಸ್ಕೊಡ್ತೀನಿ ಮೇಡಂ" ಅಂದ್ರು.

ನಂಗೆ ಮನಸ್ಸು ಬರಲಿಲ್ಲ. ಯಾಕಂದ್ರೆ ಇದು ಯಾವುದೋ ದೂರದೇಶದ ಮೀನಲ್ಲ, ನಮ್ಮ ತುಂಗೆಯದು. ಇಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಶಿವಮೊಗ್ಗದ ತುಂಗೆಯ ಮೀನು ನೋಡಿ ಇದಕ್ಕೆ ಬೋಟಿಯಾ ಸ್ಟ್ರಿಯಾಟಾ ಅಂತ ಹೆಸರಿಟ್ರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿರೋ ಈ ಮೀನು ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ಅಳಿವಿನಂಚಿನಲ್ಲಿದೆ’ ಅನ್ನೋ ಸಾಲಿಗೆ ಸೇರಿದೆ. ಹೊಳೆ ಕೆಡ್ತಿರೋದು ಒಂದು ಕಾರಣ, ನಮ್ಮಂಥೋರ ಟ್ಯಾಂಕಿಗೆ ಅಂತ ಹಿಡಿಯೋದು ಇನ್ನೊಂದು. ತೀರ್ಥಹಳ್ಳಿ ಕಡೆಯವರಾದ ನಮ್ಮತ್ತೆ, "ಶೃಂಗೇರೀಲಿ ಹೊಳೆ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗೀತೀವಿ, ಇಲ್ಲಿ ಅದೇ ಹೊಳೆ ಮೀನನ್ನ ಪ್ಲಾಸ್ಟಿಕ್ ಚೀಲದಲ್ಲಿ ಮಾರ್ತಾರಾ?" ಅಂದ್ರು. ಒಂದರ ಒಂಟಿತನ ಕಳೆಯೋಕೆ ಇನ್ನೈದನ್ನ ಹೊಳೆಯಿಂದ ತರಿಸೋದಾ?

ಎರಡು ತಿಂಗಳು ವಿಚಾರಿಸಿದ ಮೇಲೆ ಮಲ್ಲೇಶ್ವರದಲ್ಲಿ ಒಬ್ಬರು ಟ್ಯಾಂಕ್ ತೆಗೀತಿದಾರೆ, ಅವರ ಹತ್ರ ಐದು ಲೋಚ್ ಇದೆ ಅಂತ ಗೊತ್ತಾಯ್ತು. ಆಟೋದಲ್ಲಿ ತಂದೆ. ಹಿಡಿಯೋವಾಗ ಬಲೆ ಬೇಡ, ಡಬ್ಬಿ ಒಳ್ಳೇದು. ಕಣ್ಣಿನ ಕೆಳಗೆ ಮಡಚೋ ಮುಳ್ಳಿರುತ್ತೆ, ಬಲೆಗೆ ಸಿಕ್ಕಿ ಗಾಯ ಆಗುತ್ತೆ.

ಮೊದಲ ವಾರ ಭಾರೀ ತಳ್ಳಾಟ. ಆಮೇಲೆ ದೊಡ್ಡದೊಂದು ಯಜಮಾನಿ ಆಯ್ತು, ಮನೆ ತಣ್ಣಗಾಯ್ತು. ಆದ್ರೂ ಗಪ್ಪಿಗಳನ್ನ ಬೇರೆ ಟ್ಯಾಂಕಿಗೆ ಹಾಕಿದೀನಿ. ಉದ್ದ ಬಾಲದೋರಿಗೂ ಲೋಚಿಗೂ ಜಾತಕ ಕೂಡಲ್ಲ. ಬಾರ್ಬ್‌ಗಳ ತಂಟೆಗೆ ಹೋಗಲ್ಲ. ಬೇಯಿಸಿದ ಸೌತೆಕಾಯಿ ಬಿಲ್ಲೆ ಹಾಕಿದ್ರೆ ಆರೂ ಸುತ್ತ ಕೂತು ಟಿಕ್ ಟಿಕ್ ಅಂತ ಸದ್ದು ಮಾಡ್ತಾವೆ. ಕೆಲವು ಸಲ ಕಲ್ಲಿನ ಮೇಲೆ ಪಕ್ಕಕ್ಕೆ ಒರಗಿ ಮಲಗ್ತಾವೆ. ಸತ್ತೇ ಹೋಯ್ತು ಅಂತ ಗಾಬರಿ ಬೀಳಬೇಡಿ.

ಅಂಗಡೀಲಿ ಚೆನ್ನಾಗಿದೆ ಅಂತ ಒಂದೇ ಒಂದು ಲೋಚ್ ಮಾತ್ರ ತರಬೇಡಿ. ಆರಕ್ಕೆ ಜಾಗ ಇದ್ರೂ ಮೊದಲು ಯಾರಾದ್ರೂ ಟ್ಯಾಂಕ್ ತೆಗೀತಿದಾರಾ ಅಂತ ಕೇಳಿ. ತುಂಗೇಲಿರೋದು ತುಂಗೇಲೇ ಇರ್ಲಿ.